ಗಾಜಿನೊಳಗಿನ ದಸ್ತಿ

ಜಿಲ್ಲಾ ಉತ್ಸವದ ಕಾರ್ಯಕ್ರಮ ಪಟ್ಟಿಯ ಹನ್ನೊಂದನೆಯ ಸಾಲು ನನ್ನ ತಮ್ಮನದಾಗಿತ್ತು. ಹೋದ ವರ್ಷದ ಕುಣಿತಗಳ ಪಟ್ಟಿಯನ್ನೇ ಯಾರೋ ಮತ್ತೆ ಟೈಪು ಮಾಡಿ, ದಿನಾಂಕವನ್ನಷ್ಟೇ ಬದಲಿಸಿ, ನನ್ನ ಕೈಗೆ ಕೊಟ್ಟಿದ್ದರು. ‘ಹೆಜ್ಜೆ ಕುಣಿತ, ಶಹಾಪುರ. ಮುಂದಾಳು’ ಎಂದು ಬರೆದು, ಮುಂದೆ ಅವನ ಹೆಸರು. ಅವನು ಸತ್ತು ಆಗಲೇ ಮೂರು ತಿಂಗಳಾಗುತ್ತ ಬಂದಿತ್ತು. ನಾನು ಕೆಂಪು ಪೆನ್ನು ತೆಗೆದು ಹೆಸರಿನ ಮೇಲೆ ಗೆರೆ ಎಳೆದೆ. ಮೈದಾನದಲ್ಲಿ ಸುಣ್ಣದ ಗೆರೆ ಹಾಕಿ ಹಾಕಿ ಪಳಗಿದ ಕೈ, ಗೆರೆ ನೆಟ್ಟಗೇ ಬಂತು. ಆಮೇಲೆ ಹನ್ನೆರಡನೆಯ ಸಾಲಿಗೆ ಹೋದೆ. ಅದು ಲಂಬಾಣಿ ಕುಣಿತ.

ನಾನು ಯಾದಗಿರಿಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಆ ವರ್ಷ ನಮ್ಮ ಜಿಲ್ಲೆಯ ಎಲ್ಲ ಜನರ ಚಿತ್ರ, ಕುಣಿತ, ಆಟ, ಊಟ ನಾಲ್ಕನ್ನೂ ಒಂದೇ ಮೈದಾನದಲ್ಲಿ, ಒಂದೇ ದಿನ ತೋರಿಸಬೇಕೆಂದು ತೀರ್ಮಾನವಾಗಿತ್ತು. ಮೈದಾನದ ಉಸ್ತುವಾರಿ ನನ್ನ ಹೆಗಲಿಗೆ ಬಿತ್ತು. ಮೇಲಿನ ಅಧಿಕಾರಿ ಒಳ್ಳೆಯವರು. ನನ್ನನ್ನು ಕರೆಸಿ, ದನಿ ತಗ್ಗಿಸಿ, “ನಿಮ್ಮ ಮನೆಯಲ್ಲಿ ಹೀಗಾಗಿದೆ, ಬೇಡವೆಂದರೆ ಬೇರೆಯವರನ್ನು ಹಾಕುತ್ತೇನೆ ಮೇಡಂ” ಎಂದರು.

“ಯಾಕ ಬ್ಯಾಡ್ರಿ ಸರ್? ನನಗೇನಾಗ್ಯಾದ?” ಎಂದೆ.

ನಿಜವಾಗಿಯೂ ಏನೂ ಆಗಿರಲಿಲ್ಲ. ಅವನ ಹೆಣದ ಮುಂದೆ ಕೂತಾಗಲೂ ನನಗೆ ಅಳು ಬಂದಿರಲಿಲ್ಲ. ಬಂದವರಿಗೆ ಚಾಪೆ ಹಾಸಿದೆ, ಚಹಾಕ್ಕೆ ಹಾಲು ತರಿಸಿದೆ, ಕುಣಿ ತೋಡಲು ಹೇಳಿದೆ. ‘ಗಟ್ಟಿ ಹೆಣ್ಮಗಳು’ ಎಂದು ಓಣಿಯವರು ಮಾತಾಡಿಕೊಂಡರು. ಗಟ್ಟಿತನವೂ ಇಲ್ಲ, ಮಣ್ಣೂ ಇಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದರೆ ಬೇರೆ ಯಾರದೋ ಕಾಲು ಅನ್ನಿಸುತ್ತದಲ್ಲ, ನನ್ನ ಇಡೀ ಮೈ ಹಾಗಾಗಿತ್ತು. ಊಟ ರುಚಿಸುತ್ತಿರಲಿಲ್ಲ, ಹಸಿವೂ ಆಗುತ್ತಿರಲಿಲ್ಲ. ಕೆಲಸ ಮಾತ್ರ ಚೊಕ್ಕವಾಗಿ ನಡೆಯುತ್ತಿತ್ತು.

ತಮ್ಮ ಶಹಾಪುರದಲ್ಲಿ ಟೇಲರ್ ಆಗಿದ್ದ. ಒಂದು ಬೆಳಿಗ್ಗೆ ಅಂಗಡಿಯಲ್ಲಿ ಎದೆ ಉರಿ ಎಂದ. ಅಲ್ಲಿಗೆ ಚಹಾ ಕುಡಿಯಲು ಬಂದಿದ್ದ ಅವನ ಗೆಳೆಯ, ಹತ್ತಿ ಮಿಲ್ಲಿನ ಹಮಾಲ, ಲಿಂಬಿ ಹಿಂಡಿ ಉಪ್ಪು ಹಾಕಿಸಿ ಎರಡು ಸೋಡಾ ತಂದು ಕುಡಿಸಿದ. ಗಾಳಿಗೆ ಕೂರು ಅಂತ ಫ್ಯಾನಿನ ಕೆಳಗೆ ಬೆಂಚಿನ ಮೇಲೆ ಕೂರಿಸಿದ. ಹಾಗೇ ಅರ್ಧ ಗಂಟೆ ಹೋಯಿತು. ಆಮೇಲೆ ತಮ್ಮ ಬೆಂಚಿನಿಂದ ಕೆಳಗೆ ಬಿದ್ದ. ಆಟೋದಲ್ಲಿ ಹಾಕಿಕೊಂಡು ಓಡಿದರು. ‘ಇನ್ನೊಂದು ಅರ್ಧ ತಾಸು ಮೊದಲು ತಂದಿದ್ದರೆ’ ಎಂದು ಡಾಕ್ಟರು ಅಂದ ಮಾತು ಅವತ್ತು ಸಂಜೆಯೊಳಗೆ ಇಡೀ ಓಣಿಗೆ ಗೊತ್ತಾಯಿತು. ‘ಸೋಡಾ ಕುಡಿಸಿ ಕೊಂದ’ ಎಂದೇ ಜನ ಆಡಿಕೊಂಡರು. ನಾನು ಹಾಗೆ ಅನ್ನಲಿಲ್ಲ. ಆದರೆ ಅವತ್ತಿನಿಂದ ಹಮಾಲನ ಜತೆ ಒಂದು ಮಾತೂ ಆಡಲಿಲ್ಲ. ಅವನು ಮಣ್ಣಿಗೆ ಬಂದು, ದೂರ ನಿಂತು, ಹೋದ. ದಿನಕರ್ಮಕ್ಕೂ ಬಂದ. ನಾನು ಮುಖ ಬೇರೆ ಕಡೆ ತಿರುಗಿಸಿದೆ.

ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ತಮ್ಮನ ಕುಣಿತದ ಮೇಳ ಹಳೆಯದು. ಮೊಹರಂನಲ್ಲಿ ಬೆಂಕಿಯ ಕುಣಿಯ ಸುತ್ತ ಹಾಕುವ ಹೆಜ್ಜೆ ಅದು. ಉಳಿದ ದಿನ ಬೇರೆ ಪದ ಹಾಡುತ್ತಾರೆ, ಹೆಜ್ಜೆ ಅದೇ. ಹಿಂದೂ ಮನೆಗಳವರು, ಮುಸಲ್ಮಾನರ ಮನೆಗಳವರು, ಬುದ್ಧನ ಫೋಟೋ ಇಟ್ಟುಕೊಂಡ ಮನೆಗಳವರು ಎಲ್ಲ ಸೇರಿ ಹದಿನಾಲ್ಕು ಗಂಡಸರು. ಮುಂದಿನ ಹೆಜ್ಜೆ ಹಾಕುವವನ ಬಲಗೈಯಲ್ಲಿ ಒಂದು ಕೆಂಪು ದಸ್ತಿ ಇರುತ್ತದೆ. ಕರವಸ್ತ್ರಕ್ಕೆ ನಮ್ಮ ಕಡೆ ದಸ್ತಿ ಅಂತಲೇ ಅನ್ನುವುದು. ಅದು ಮೇಲೆದ್ದರೆ ಮೇಳ ತಿರುಗುತ್ತದೆ, ಇಳಿದರೆ ನಿಲ್ಲುತ್ತದೆ. ಆ ದಸ್ತಿ ನಮ್ಮ ಮನೆಯದು. ಹಿಡಿದವನು ಹೋದರೆ, ನಮ್ಮ ಮನೆಯ ಹಿರಿಯರು ಯಾರಾದರೂ ತಮ್ಮ ಕೈಯಿಂದ ಇನ್ನೊಬ್ಬನ ಕೈಗೆ ಅದನ್ನು ಕೊಡಬೇಕು. ಮೇಳದವರು ಬಾಯಿಬಿಟ್ಟು ಕೇಳುವಂತಿಲ್ಲ. ಸಾವಿನ ಮೇಲಿನ ಮೊದಲ ಕುಣಿತದೊಳಗೆ ಕೊಡದಿದ್ದರೆ ಗೆಜ್ಜೆ ಬಿಚ್ಚಿಡುತ್ತಾರೆ, ಮೇಳ ಅಲ್ಲಿಗೆ ಮುಗಿಯಿತು. ಪಕ್ಕದ ಓಣಿಯ ಮೇಳ ಹಾಗೇ ಮುಗಿದದ್ದನ್ನು ನಾನು ಕಂಡಿದ್ದೇನೆ.

ಅಪ್ಪ ಸತ್ತಾಗ ತಮ್ಮ ಸಣ್ಣವನು. ಅಜ್ಜಿ ದಸ್ತಿಯನ್ನು ಗಾದಿ ಹೊಲಿಯುವ ಕಾಕಾನ ಕೈಗೆ ಕೊಟ್ಟಳು. ಮುಸಲ್ಮಾನರ ಮನುಷ್ಯ, ನಮ್ಮಪ್ಪನ ಗೆಳೆಯ. ಹತ್ತು ವರ್ಷ ಮುಂದಿನ ಹೆಜ್ಜೆ ಹಾಕಿ, ತಮ್ಮನಿಗೆ ಮೀಸೆ ಬಂದ ವರ್ಷ ದಸ್ತಿ ತಂದು ಅಜ್ಜಿಯ ಮುಂದಿಟ್ಟರು. ಈಗ ಅಜ್ಜಿ ಇಲ್ಲ, ಅವ್ವ ಇಲ್ಲ. ಮನೆಯ ಹಿರಿಯಳು ನಾನೇ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, ಉತ್ಸವದ ತಯಾರಿಯ ಮೂರು ವಾರದಲ್ಲಿ ಒಂದೇ ಒಂದು ಸಲ ನೆನಪಾಗಲಿಲ್ಲ. ಯಾರು ನಂಬುತ್ತಾರೆ? ನಾನೇ ನಂಬುವುದಿಲ್ಲ.

ಕೆಲಸ ಶುರುವಾಯಿತು. ಮೈದಾನವನ್ನು ಟೇಪು ಹಿಡಿದು ಅಳೆದು ನಾಲ್ಕು ಭಾಗ ಮಾಡಿದೆ. ಉತ್ತರಕ್ಕೆ ಚಿತ್ರಗಳ ಮಳಿಗೆ, ಮಧ್ಯ ಕುಣಿತದ ವೃತ್ತ, ದಕ್ಷಿಣಕ್ಕೆ ಆಟ, ಪೂರ್ವದ ಗೋಡೆಗುಂಟ ಒಲೆಗಳು. ಕುಣಿತಕ್ಕೆ ವೇದಿಕೆ ಬೇಡ, ನೆಲವೇ ಇರಲಿ ಎಂದು ಹಟ ಹಿಡಿದೆ. ಹಲಗೆಯ ವೇದಿಕೆಯ ಮೇಲೆ ಗೆಜ್ಜೆಕಾಲು ಕುಣಿದರೆ ಕಾಲಿನ ಸದ್ದೇ ಹಲಗಿ ವಾದ್ಯದ ಪೆಟ್ಟನ್ನು ನುಂಗಿಬಿಡುತ್ತದೆ. ನೆಲದ ಹರಳು ಆರಿಸಿ, ನೀರು ಚಿಮುಕಿಸಿ, ರೋಲರ್ ಹೊಡೆಸಿದೆ. ಗುಂಡುಕಲ್ಲು ಎತ್ತುವ ಜಾಗದಲ್ಲಿ ಮೊಣಕಾಲಾಳ ಅಗೆಸಿ ಮರಳು ತುಂಬಿಸಿದೆ. ಇಲ್ಲದಿದ್ದರೆ ಎತ್ತಿದವನು ಗುಂಡು ಬಿಟ್ಟಾಗ ಅದು ಪುಟಿದು ಯಾರ ಕಾಲ ಮೇಲೆ ಬೀಳುತ್ತದೋ ಹೇಳಲಾಗದು.

ಸುರಪುರದಿಂದ ಬಂದ ಚಿತ್ರಗಾರ ಮಳಿಗೆ ನೋಡಿ ತಲೆಯಾಡಿಸಿದರು. ಅವರು ಚಿನ್ನದ ರೇಕು ಅಂಟಿಸಿ ಹಳೆಯ ಪದ್ಧತಿಯ ಚಿತ್ರ ಬರೆಯುವವರು. “ಪಡುವಣ ಬಿಸಲು ಬಿತ್ತಂದ್ರ ಬರೇ ಬಂಗಾರ ಹೊಳೀತದ್ರಿ ಮೇಡಂ, ಮುಖ ಕಾಣಂಗಿಲ್ಲ” ಎಂದರು. ಮಳಿಗೆಯ ಬಾಯಿ ತಿರುಗಿಸಿದೆವು. ಲಂಬಾಣಿ ತಾಂಡಾದ ಹೆಣ್ಣುಮಕ್ಕಳು ತೊಟ್ಟು ಬರುವ ಬಟ್ಟೆ, ಬಳೆ, ಸರಗಳನ್ನು ಹಾಕಿಕೊಳ್ಳಲು ಒಂದು ತಾಸು ಬೇಕು, ಕನ್ನಡಿ ಬೇಕು, ಬಾಗಿಲಿಗೆ ಚಿಲಕ ಬೇಕು ಎಂದರು. ಕೊಟ್ಟೆ. ಊಟದ ಸಾಲಿನಲ್ಲಿ ಜಗಳ ಬಂತು. ಹೋಳಿಗೆ ಮಾಡುವವರ ಪಕ್ಕ, ಮಾಂಸ ಹಾಕಿ ಬೇಳೆ ಬೇಯಿಸುವ ದಾಲ್ಚಾದ ಒಲೆ ಬೇಡವಂತೆ. ಅತ್ತ ಗುರುಮಠಕಲ್ಲಿನಿಂದ ಸಜ್ಜಿ ರೊಟ್ಟಿ ಬಡಿಯಲು ಬರುವ ಹೆಣ್ಣುಮಕ್ಕಳು ತೆಲುಗಿನಲ್ಲಿ, ನಾವು ಯಾರ ಪಕ್ಕವಾದರೂ ಕೂರುತ್ತೇವೆ, ಒಲೆಗೆ ಗಾಳಿ ಬಡಿಯಬಾರದು ಅಷ್ಟೇ ಎಂದರು. ಅದೇ ಮಾತು ಹಿಡಿದುಕೊಂಡೆ. “ಗಾಳಿ ಯಾ ಕಡಿಂದ ಬರ್ತದ ನೋಡ್ರಿ. ಹೊಗಿ ಯಾರ ಕಣ್ಣಿಗೆ ಹೋಗ್ತದ ನೋಡ್ರಿ. ಅದರ ಮ್ಯಾಲೆ ಜಾಗ. ಜಾತಿ ಮ್ಯಾಲೆ ಅಲ್ಲ” ಎಂದು ಸೀಟಿ ಊದಿ ಸಾಲು ನಿಲ್ಲಿಸಿದೆ. ಕೊನೆಗೆ ದಾಲ್ಚಾದ ಪಕ್ಕದಲ್ಲೇ ಹೋಳಿಗೆ ಬಂತು.

ಇಷ್ಟರಲ್ಲಿ ಗುಮಾಸ್ತೆ ಒಂದು ಫಾರಂ ತಂದಳು. “ಮೇಡಂ, ಶಹಾಪುರ ಹೆಜ್ಜಿ ಮೇಳದ್ದು ವಾಪಸ್ ಬಂದದ್ರಿ. ಯಾರೂ ಸಹಿ ಮಾಡಿಲ್ಲ.”

ಕಾಕಾಗೆ ಫೋನ್ ಹಚ್ಚಿದೆ. ಈಗ ಅವರು ಹೆಜ್ಜೆ ಹಾಕುವುದಿಲ್ಲ, ಮೇಳದಲ್ಲಿ ಪದ ಹಾಡುತ್ತಾರೆ.

“ಕಾಕಾ, ಸಹಿ ಯಾಕ ಮಾಡಿಲ್ರಿ?”

“ಮುಂದಾಳಿನ ಸಹಿ ಕೇಳ್ಯಾರ ಬೇಟಾ. ಮುಂದಾಳು ಯಾರು ಅದಾರ?”

“ಯಾರರ ಒಬ್ಬರು ಮಾಡ್ರಲ್ಲ. ಬರೇ ಸಹಿ ತಾನ?”

ಕಾಕಾ “ನೋಡಮ್” ಎಂದು ಇಟ್ಟುಬಿಟ್ಟರು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಸ್ಸಿನ ತೊಂದರೆ ಇರಬೇಕು, ಊಟದ ತೊಂದರೆ ಇರಬೇಕು ಎಂದು ಲೆಕ್ಕ ಹಾಕಿ, ಅವರ ಓಣಿಯ ಬಾಯಿಗೇ ಗಾಡಿ ಹೋಗುವಂತೆ ಬರೆದು, ಮಾರನೆಯ ದಿನ ನಾನೇ ಶಹಾಪುರಕ್ಕೆ ಹೋದೆ.

ಕಾಕಾನ ಅಂಗಡಿಯಲ್ಲಿ ಹತ್ತಿಯ ಧೂಳು ತುಂಬಿತ್ತು. ಗಾದಿಯೊಂದಕ್ಕೆ ದೊಡ್ಡ ಸೂಜಿ ಹಾಕುತ್ತ ಕೂತಿದ್ದರು. ನನ್ನನ್ನು ನೋಡಿ ಸೂಜಿಯನ್ನು ಗಾದಿಗೇ ಚುಚ್ಚಿ ನಿಲ್ಲಿಸಿ, ಚಹಾ ತರಿಸಿದರು. ನಾನು ಗಾಡಿಯ ಸಮಯ, ಊಟದ ಸಮಯ, ಬಟ್ಟೆ ಬದಲಿಸುವ ಕೋಣೆ ಎಲ್ಲ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಎಲ್ಲಾ ಚಂದ ಮಾಡೀದಿ” ಎಂದರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು:

“ಮನಿಯಾಗ ಅವನ ಸಾಮಾನ ಎಲ್ಲಾ ಅದಾವೇನವ್ವಾ?”

“ಅದಾವ್ರಿ. ಎಲ್ಲಿಗೆ ಹೋಗ್ತಾವ?”

“ಹಂಗಂತೀಯ” ಎಂದು ಮತ್ತೆ ಸೂಜಿ ಕೈಗೆ ತೆಗೆದುಕೊಂಡರು.

ಇದಕ್ಕಿಂತ ಬಿಡಿಸಿ ಆ ಮನುಷ್ಯ ಹೇಗೆ ಹೇಳಬೇಕಿತ್ತು? ನನ್ನ ತಲೆಗೆ ಹೊಳೆದದ್ದು ಮಾತ್ರ ಇನ್ನೊಂದು. ಚಿತ್ರಗಳ ಮಳಿಗೆಯಲ್ಲಿ ಜಾನಪದ ವಸ್ತುಗಳ ಒಂದು ಮೂಲೆ ಖಾಲಿ ಉಳಿದಿತ್ತು. ತಮ್ಮನ ಗೆಜ್ಜೆ, ತಲೆಗೆ ಸುತ್ತುವ ರುಮಾಲು ಇಟ್ಟರೆ ತುಂಬುತ್ತದೆ ಎಂದುಕೊಂಡು ನೇರ ಅವನ ಮನೆಗೆ ನಡೆದೆ.

ತಮ್ಮನ ಹೆಂಡತಿ ಹೊಲಿಗೆ ಯಂತ್ರವನ್ನು ಮನೆಗೆ ತಂದಿಟ್ಟುಕೊಂಡಿದ್ದಳು. ಅದರ ಮೇಲಿನ ಗೋಡೆಯ ಮೊಳೆಗೆ ದಸ್ತಿ ತೂಗುತ್ತಿತ್ತು. ಕೆಂಪು ಬಟ್ಟೆ, ಅಂಚಿಗೆ ಹಳದಿ ದಾರ. ಅಪ್ಪನ ಕಾಲದ ಬಟ್ಟೆ ಹರಿದ ಮೇಲೆ ಅಷ್ಟೇ ಅಳತೆಗೆ ಅವನೇ ಹೊಲಿದದ್ದು. “ಮೇಳದ ಸಾಮಾನ ಒಯ್ಯಾಕ ಬಂದೀನಿ” ಎಂದೆ. ಅವಳು ಕುರ್ಚಿ ಹತ್ತಿ ಮೊಳೆಯಿಂದ ದಸ್ತಿ ಬಿಡಿಸಿ, ಎರಡು ಕೈಯಲ್ಲಿ ಹಿಡಿದು ಕೊಟ್ಟಳು.

“ನೀವು ಬರ್ತೀರಿ ಅಂತ ದಾರಿ ನೋಡಾಕತ್ತಿದ್ದೆ ಅಕ್ಕಾರ. ಯಾರಿಗೆ ಅಂತ ನಾ ಕೇಳಂಗಿಲ್ಲ. ನಿಮಗ ತಿಳೀತದ” ಎಂದಳು.

ಪ್ರದರ್ಶನದ ಮಾತು ಇವಳಿಗೆ ಯಾರು ಹೇಳಿದರೋ ಎಂದುಕೊಂಡೆ. ಎಲ್ಲವನ್ನೂ ಚೀಲಕ್ಕೆ ತುಂಬಿ, ಅವಳು ಕೊಟ್ಟ ರೊಟ್ಟಿ ಪುಂಡಿಪಲ್ಯ ತಿಂದು, ನಾಲ್ಕು ಗಂಟೆಯ ಬಸ್ಸು ಹಿಡಿದೆ.

ಎರಡು ದಿನದಲ್ಲಿ ಫಾರಂ ಬಂತು. ಹದಿಮೂರೂ ಮಂದಿ ಸಹಿ ಹಾಕಿದ್ದರು. ಮುಂದಾಳಿನ ಜಾಗ ಖಾಲಿ ಬಿಟ್ಟು, ಅದರ ಕೆಳಗೆ ಕಾಕಾ ತಮ್ಮ ದಪ್ಪ ಅಕ್ಷರದಲ್ಲಿ ‘ಅವತ್ತು ತುಂಬುತ್ತೇವೆ’ ಎಂದು ಬರೆದಿದ್ದರು. ನೋಡು, ಓಣಿಗೇ ಗಾಡಿ ಕಳಿಸುತ್ತೇನೆ ಅಂದಕೂಡಲೇ ದಾರಿಗೆ ಬಂದರು ಎಂದು ಗುಮಾಸ್ತೆಗೆ ಹೇಳಿದೆ. ಎಂಥ ಶಾಣ್ಯಾಕಿ ನಾನು! ದಸ್ತಿ ಮನೆಯಿಂದ ಹೊರಬಿತ್ತು ಎಂಬ ಸುದ್ದಿ ಓಣಿಗೆ ಮುಟ್ಟಿತ್ತು, ಅದಕ್ಕೇ ಅವರು ಸಹಿ ಹಾಕಿದ್ದರು.

ಉತ್ಸವದ ಹಿಂದಿನ ದಿನ ಚಿತ್ರಗಾರ ಗಾಜಿನ ಮುಚ್ಚಳದ ಒಂದು ಮರದ ಪೆಟ್ಟಿಗೆ ಕೊಟ್ಟರು. ಗೆಜ್ಜೆ, ರುಮಾಲು ಮೇಜಿನ ಮೇಲೆ ಇಟ್ಟೆವು. ದಸ್ತಿ ಹಗುರ, ಗಾಳಿಗೆ ಹಾರುತ್ತದೆಂದು ಪೆಟ್ಟಿಗೆಯಲ್ಲಿ ಹಾಸಿ, ಮೂಲೆ ಮೂಲೆಗೆ ಸ್ಕ್ರೂ ಬಿಗಿದೆವು. ಏನು ಬರೆಯಲಿ ಎಂದು ಅವರು ಕೇಳಿದರು. ‘ದಸ್ತಿ. ಹೆಜ್ಜೆ ಕುಣಿತದಲ್ಲಿ ಬಳಸುತ್ತಿದ್ದ ಕರವಸ್ತ್ರ’ ಎಂದೆ. ದುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸಿದರು. ‘ಬಳಸುತ್ತಿದ್ದ’ ಎಂದು ಹೇಳಿದವಳು ನಾನೇ.

ಆ ದಿನ ಬಂತು. ಎಂಟು ಗಂಟೆಗೇ ಮೈದಾನ ತುಂಬತೊಡಗಿತು. ಸುರಪುರದ ಹುಡುಗರು ಲೇಜಿಮ್ ಆಡಿ ಧೂಳೆಬ್ಬಿಸಿದರು. ವಡಗೇರಾದ ಶಿಕ್ಷಕರೊಬ್ಬರು ಗುಂಡನ್ನು ಎದೆಯವರೆಗೆ ಎತ್ತಿ, ಇನ್ನು ಆಗದೆಂದು ಬಿಟ್ಟು, ತಾವೇ ನಕ್ಕರು. ಒಲೆಗಳ ಕಡೆಯಿಂದ ರೊಟ್ಟಿ ಬಡಿಯುವ ಸದ್ದು, ಶೇಂಗಾ ಹುರಿದ ವಾಸನೆ. ಹೋಳಿಗೆಯವರು ಹತ್ತೂವರೆಗೇ ದಾಲ್ಚಾದವರಿಂದ ಬೆಂಕಿ ಇಸಿದುಕೊಂಡು ಒಲೆ ಹಚ್ಚಿದ್ದರು. ಎಲ್ಲರಿಗೂ ಸಂತೋಷವಾಗಿತ್ತು, ಅದು ನನಗೆ ಕಾಣುತ್ತಿತ್ತು. ನಾನು ಸೀಟಿ ಕೊರಳಿಗೆ ಹಾಕಿ, ಪಟ್ಟಿ ಹಿಡಿದು, ಒಂದೊಂದೇ ಸಾಲಿಗೆ ಗುರುತು ಹಾಕುತ್ತ ಓಡಾಡುತ್ತಿದ್ದೆ.

ಒಂಬತ್ತನೆಯ ಸಾಲು ನಡೆಯುತ್ತಿದ್ದಾಗ ಗುಮಾಸ್ತೆ ಓಡಿ ಬಂದಳು. “ಮೇಡಂ, ನಿಮ್ಮ ಶಹಾಪುರದವರು ಚಿತ್ರದ ಮಳಗಿ ಮುಂದ ನೆಲದ ಮ್ಯಾಲೆ ಕುಂತ್ಬಿಟ್ಟಾರ್ರಿ. ಏಳಂದ್ರ ಏಳವಲ್ಲರು.”

ಹೋಗಿ ನೋಡಿದೆ. ಗೆಜ್ಜೆ ಕಟ್ಟಿ ತಯಾರಾಗಿ ಬಂದ ಹದಿಮೂರು ಮಂದಿ ಗಾಜಿನ ಪೆಟ್ಟಿಗೆಯ ಮುಂದೆ ಸುಮ್ಮನೆ ಕೂತಿದ್ದರು. ಹಲಗಿ ಬಾರಿಸುವವನು ಹಲಗಿಯನ್ನು ಬೋರಲು ಹಾಕಿದ್ದ. ಎಲ್ಲರ ಹಿಂದೆ, ಮಂಡಿ ಮಡಚಿ, ತಲೆ ತಗ್ಗಿಸಿ ಹಮಾಲ ಕೂತಿದ್ದ. ಒಂಬತ್ತು ವರ್ಷ ತಮ್ಮನ ಎಡಕ್ಕೆ ನಿಂತು ಎರಡನೆಯ ಹೆಜ್ಜೆ ಹಾಕಿದವನು ಅವನು.

“ಯಾಕ ಕುಂತ್ರಿ? ನಿಮ್ಮ ಸರದಿ ಬಂತು” ಎಂದೆ.

ಕಾಕಾ ಬೆರಳಿಂದ ಪೆಟ್ಟಿಗೆ ತೋರಿಸಿದರು. “ಓದಿ ಹೇಳವ್ವಾ, ಏನ್ ಬರ್ದದ ಅದರ ಮ್ಯಾಲ?”

ಬಾಯಿ ತೆಗೆದೆ. ‘ದಸ್ತಿ. ಹೆಜ್ಜೆ ಕುಣಿತದಲ್ಲಿ’ ಎನ್ನುವವರೆಗೆ ಬಂತು. ಮುಂದಿನ ಶಬ್ದ ಹೊರಡಲಿಲ್ಲ. ಅಜ್ಜಿಯ ಕೈ ನೆನಪಾಯಿತು, ಎರಡು ಕೈಯಲ್ಲಿ ಹಿಡಿದು ಕೊಟ್ಟ ತಮ್ಮನ ಹೆಂಡತಿಯ ಕೈ ನೆನಪಾಯಿತು, ಕಾಕಾ ಕೇಳಿದ್ದು ನೆನಪಾಯಿತು. ಎಲ್ಲವೂ ಒಂದೇ ಸಲಕ್ಕೆ.

“ನಾ ಮರ್ತೆ ಕಾಕಾ” ಎಂದೆ. ಬೇರೆ ಏನು ಹೇಳುವುದಿತ್ತು?

“ಮರೀತದ. ಇಷ್ಟ ದೊಡ್ಡ ಪೆಟ್ಟು ಬಿದ್ದಾಗ ಮನುಷ್ಯಾ ತನ್ನ ಹೆಸರ ಮರೀತಾನ” ಎಂದರು. ಆಮೇಲೆ ದನಿ ಬದಲಾಯಿತು. “ಆದ್ರ ಈಗ ಹೇಳಿಬಿಡು. ಅದು ಅಲ್ಲೇ ಇರಾದಾದ್ರ ಇರಲಿ, ನಾವು ಗೆಜ್ಜಿ ಬಿಚ್ಚಿ ಅದರ ಬಾಜೂಕ ಇಟ್ಟು ಹೋಗ್ತೀವಿ. ತೆಗೆದು ಕೊಡಾದಾದ್ರ ಯಾರಿಗರ ಕೊಡು. ನಿನ್ನ ಮನಸ್ಸು. ನಾವ್ಯಾರೂ ಹೆಸರು ಹೇಳಂಗಿಲ್ಲ.”

ಅವರು ಹೇಳದಿದ್ದರೂ ಹೆಸರು ಎಲ್ಲರಿಗೂ ಗೊತ್ತಿತ್ತು. ಮುಂದಿನವನು ಹೋದರೆ ಎರಡನೆಯವನೇ ಬರಬೇಕು. ಆದರೆ ಆ ಎರಡನೆಯವನ ಜತೆ ಮನೆಯ ಹಿರಿಯಳು ಮಾತು ಬಿಟ್ಟಿದ್ದಾಳೆ. ಬೇರೆಯವರಿಗೆ ಕೊಟ್ಟರೆ, ‘ಸೋಡಾ ಕುಡಿಸಿ ಕೊಂದ’ ಎಂಬ ಓಣಿಯ ಮಾತಿಗೆ ನಾನೇ ನಾಲ್ಕು ಜನರೆದುರು ಮುದ್ರೆ ಒತ್ತಿದ ಹಾಗೆ. ಅದು ಅವನಿಗೂ ಗೊತ್ತಿತ್ತು. ಅದಕ್ಕೇ ಎಲ್ಲರ ಹಿಂದೆ ಕೂತಿದ್ದ.

ಅಧಿಕಾರಿ ಬಂದು ಗಡಿಯಾರ ನೋಡಿದರು. “ಮೇಡಂ, ಅತಿಥಿಗಳು ಬಂದು ಕೂತಿದ್ದಾರೆ. ಈ ಮೇಳ ಬಿಟ್ಟು ಲಂಬಾಣಿ ಕುಣಿತ ಕರೆಯೋಣವೇ?”

“ಅವರನ್ನ ಮೊದಲು ಕರೀರಿ ಸರ್. ಇದನ್ನ ಬಿಡಾದು ಬ್ಯಾಡ” ಎಂದೆ. ಧ್ವನಿವರ್ಧಕದವನ ಹತ್ತಿರ ಸ್ಕ್ರೂಡ್ರೈವರ್ ಇಸಿದುಕೊಂಡು ಪೆಟ್ಟಿಗೆಯ ಮುಂದೆ ಮಂಡಿಯೂರಿದೆ.

ಸ್ಕ್ರೂಗಳನ್ನು ಬಿಗಿಯಾಗಿ ಹಾಕಿದ್ದೆವು. ಮೊದಲನೆಯದು ಬಂತು. ಎರಡನೆಯದು ಜಾರಿತು, ಅಂಗೈ ತರಚಿತು. ತಿರುಗಿಸುತ್ತಿದ್ದಾಗಲೇ, ಮೂರು ತಿಂಗಳಿಂದ ಯಾರಿಗೂ ಹೇಳದ ಮಾತು ಕೈಗೆ ತಾಕಿದಂತೆ ಎದುರು ಬಂತು. ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ತಮ್ಮ ನನಗೇ ಫೋನ್ ಮಾಡಿದ್ದ. ಪ್ರಾರ್ಥನೆಯ ಸಾಲು ನಿಲ್ಲಿಸುತ್ತಿದ್ದೆ. ‘ಅಕ್ಕಾ, ಎದಿ ಉರಿಯಾಕತ್ತದ’ ಎಂದ. ‘ರಾತ್ರಿ ಮಿರ್ಚಿ ತಿಂದಿರ್ತಿ. ಸೋಡಾ ಕುಡಿ, ಹೋಗ್ತದ’ ಎಂದು ಇಟ್ಟುಬಿಟ್ಟೆ. ಸೀಟಿ ಊದಬೇಕಾಗಿತ್ತು ನನಗೆ. ಪ್ರಥಮ ಚಿಕಿತ್ಸೆ ಕಲಿಸುವ ಟೀಚರ್ ನಾನು. ಎದೆಯುರಿ ಅಂದರೆ ಏನಿರಬಹುದೆಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳಿಕೊಟ್ಟವಳು. ಹಮಾಲನ ಮುಖ ನೋಡದೆ ತಿರುಗಿದ್ದು ಅವನ ತಪ್ಪಿಗಲ್ಲ. ಅವನನ್ನು ನೋಡಿದರೆ ನನ್ನದು ಕಾಣುತ್ತಿತ್ತು.

ಕೊನೆಯ ಸ್ಕ್ರೂ ಬಂತು. ಗಾಜು ಎತ್ತಿಟ್ಟು, ದಸ್ತಿ ತೆಗೆದು, ಕೂತವರ ನಡುವೆ ದಾಟಿ ಹಿಂದಕ್ಕೆ ಹೋದೆ. ಎಲ್ಲರೂ ಕಾಲು ಮಡಚಿ ದಾರಿ ಬಿಟ್ಟರು.

“ಏಳು” ಎಂದೆ.

ಹಮಾಲ ಎದ್ದ, ಆದರೆ ಕೈ ಹಿಂದೆ ಕಟ್ಟಿಕೊಂಡ. “ನನಗ ಬ್ಯಾಡ್ರಿ ಅಕ್ಕಾರ. ಬ್ಯಾರೆ ಯಾರಿಗರ ಕೊಡ್ರಿ. ನಾ ಅವತ್ತ ಅರ್ಧಾ ತಾಸು ಸುಮ್ ಕುಂಡ್ರಿಸಿದೆ...”

“ಗೊತ್ತದ.”

“ಎರಡ ಸೋಡಾ...”

“ಗೊತ್ತದ ಅಂದೆ. ಕೈ ಚಾಚು.”

ಚಾಚಿದ. ಹತ್ತಿಯ ಮೂಟೆ ಹೊತ್ತು ಸುಲಿದ ಕೈ. ಅಜ್ಜಿ ಇಟ್ಟ ಹಾಗೆ ಎರಡು ಕೈಯಿಂದ ದಸ್ತಿ ಇಟ್ಟು, ಅವನ ಬೆರಳು ಮುಚ್ಚಿದೆ. ಕಾಕಾ “ಬಿಸ್ಮಿಲ್ಲಾ” ಎಂದರು. ಯಾರೋ ಹಲಗಿ ನೆಟ್ಟಗೆ ತಿರುಗಿಸಿದರು. ಗೆಜ್ಜೆಗಳೆಲ್ಲ ಒಮ್ಮೆಗೇ ಎದ್ದ ಸದ್ದಾಯಿತು.

ಮೈಕಿನವನು, “ಮುಂದಾಳು ಯಾರು ಅಂತ ಹೇಳ್ಬೇಕ್ರಿ ಮೇಡಂ? ಚೀಟಿಯಾಗ ಖಾಲಿ ಅದ” ಎಂದು ಕೇಳಿದ. ನಾನು ಹಮಾಲನ ಹೆಸರು ಹೇಳಿದೆ. ಮೂರು ತಿಂಗಳ ನಂತರ ಆ ಹೆಸರು ನನ್ನ ಬಾಯಿಂದ ಬಂದದ್ದು ಆಗಲೇ.

ಕುಣಿತವನ್ನು ನಾನು ಪಿ.ಟಿ. ಟೀಚರ್ ಕಣ್ಣಿನಿಂದಲೇ ನೋಡಿದೆ. ಬೇರೆ ಕಣ್ಣು ನನಗಿರಲಿಲ್ಲ. ಎಡಗಾಲುಗಳೆಲ್ಲ ಒಟ್ಟಿಗೆ ಬಿದ್ದವು, ಮೊಣಕಾಲು ಸರಿಯಾಗಿ ಮಡಚಿದವು. ಆದರೆ ಮುಂದಿನವನ ಹೆಜ್ಜೆ ಪ್ರತಿ ಸುತ್ತಿಗೂ ಅರ್ಧ ಪೆಟ್ಟು ತಡವಾಗುತ್ತಿತ್ತು. ಒಂಬತ್ತು ವರ್ಷ ತಮ್ಮನ ಕಾಲು ನೋಡಿಕೊಂಡೇ ತನ್ನ ಕಾಲೆತ್ತಿದವನು. ಈಗ ಬಲಕ್ಕೆ ಯಾರೂ ಇಲ್ಲದಿದ್ದರೂ ಆ ಕಡೆ ನೋಡಿ, ಒಂದು ಗಳಿಗೆ ಕಾದು, ಆಮೇಲೆ ಎತ್ತುತ್ತಿದ್ದ. ಮೂರನೆಯ ಸುತ್ತಿಗೆ ಕಾಕಾ ಪದದ ನಡುವೆಯೇ ಕೂಗಿದರು: “ಅಂವ ಬರಂಗಿಲ್ಲಪಾ! ನೀ ನಡಿ!” ಹಮಾಲ ದಸ್ತಿ ಎತ್ತಿದ. ಆಮೇಲೆ ತಡವಾಗಲಿಲ್ಲ. ಸುತ್ತ ನಿಂತ ಜನ ಸೀಟಿ ಹೊಡೆದರು. ಹಗ್ಗ ಜಗ್ಗಾಟಕ್ಕೆ ಕಾಯುತ್ತ ನಿಂತಿದ್ದ ಸುರಪುರದ ಲೇಜಿಮಿನ ಹುಡುಗರು ಕಾಲಿನಲ್ಲಿ ಆ ಹೆಜ್ಜೆ ಹಿಡಿಯಲು ನೋಡುತ್ತಿದ್ದರು.

ಹನ್ನೊಂದನೆಯ ಸಾಲಿಗೆ ಗುರುತು ಹಾಕಿದೆ. ಮುಂದೆ ಹಗ್ಗ ಜಗ್ಗಾಟ. ತಾಲೂಕು ತಾಲೂಕಿಗೆ ಬೇಡ, ಎರಡೂ ಕಡೆ ಎಲ್ಲ ಊರವರೂ ಬೆರೆಯಲಿ ಎಂದು ನಾನೇ ಹಾಕಿಸಿದ್ದ ಆಟ. ಹಗ್ಗ ಹಾಸುವಷ್ಟರಲ್ಲಿ ಒಲೆಗಳ ಸಾಲಿನ ಕೊನೆಗೆ ಹೋದೆ. ಅಲ್ಲಿ ಗೋಲಿ ಸೋಡಾದ ಗಾಡಿ ನಿಂತಿತ್ತು. ಅಲ್ಲೇ ಪಕ್ಕದಲ್ಲಿ ಹಮಾಲ ಬಗ್ಗಿ ಕಾಲಿನ ಗೆಜ್ಜೆ ಬಿಚ್ಚುತ್ತಿದ್ದ. ಬೆವರಲ್ಲಿ ತೊಯ್ದಿದ್ದ. ದಸ್ತಿ ಹೆಗಲ ಮೇಲಿತ್ತು.

ನಾನು ಎರಡು ಸೋಡಾ ಒಡೆಸಿ ಒಂದು ಅವನ ಮುಂದೆ ಹಿಡಿದೆ. ಅವನು ಬಾಟಲಿ ನೋಡಿದ, ಮುಟ್ಟಲಿಲ್ಲ.

“ನಾ ಬಿಟ್ಟೀನ್ರಿ ಅಕ್ಕಾರ ಅದನ್ನ.”

“ಒಂದು ಮಾತು ಹೇಳಾದದ” ಎಂದೆ. “ಅವತ್ತ ಅವನಿಗೆ ಸೋಡಾ ಕುಡಿ ಅಂದಾಕಿ ನಾನು. ಒಂಬತ್ತಕ್ಕ ಫೋನ್ ಮಾಡಿದ್ದ. ನಾನ ಹೇಳ್ದೆ.”

ಅವನು ಗೆಜ್ಜೆಯ ಹಗ್ಗ ಸುತ್ತುತ್ತಲೇ ಇದ್ದ.

“ಗೊತ್ತದ್ರಿ” ಎಂದ.

“ಏನು?”

“ಅಂವ ಹೇಳಿದ್ದ. ದವಾಖಾನಿಗಿ ನಡಿಯೋ ಅಂತ ನಾ ಕೈ ಹಿಡದು ಎಳದ್ರ ಏಳಲಿಲ್ಲ. ‘ಅಕ್ಕ ಹೇಳ್ಯಾಳ, ಆಕಿಗೆ ಎಲ್ಲಾ ಗೊತ್ತಿರ್ತದ, ಮೊದಲು ಸೋಡಾ ತಾ’ ಅಂದ.”

“ಮತ್ತ ಓಣಿಯಾಗ ಅಷ್ಟು ಮಂದಿ ನಿನಗ ಅಂದಾಗ ಯಾಕ ಹೇಳಲಿಲ್ಲ?”

“ಹೆಂಗ ಹೇಳ್ಲಿ?” ಎಂದ. “ನೀವು ಮನಿ ಹಿರೇರು. ನನಗಂದ್ರ ನಾಕ ದಿನ ಅಂತಾರ, ಬಿಡ್ತಾರ.”

ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು, ಕಣ್ಣು ಮುಚ್ಚಿ, ಅರ್ಧ ಕುಡಿದ.

ದಕ್ಷಿಣದ ಕಡೆಯಿಂದ ಕೂಗು ಬಂತು. ಹಗ್ಗ ಹಿಡಿದು ಎರಡೂ ಕಡೆಯವರು ಹಿಮ್ಮಡಿ ಊರಿ ನಿಂತಿದ್ದರು. ರೊಟ್ಟಿ ಬಡಿಯುವವರು, ಲಂಬಾಣಿ ಹೆಣ್ಣುಮಕ್ಕಳು, ಲೇಜಿಮಿನವರು, ದಾಲ್ಚಾದ ಅಡುಗೆಯವರು ಎಲ್ಲ ಕಲಸಿಹೋಗಿದ್ದರು. ನಾನು ಓಡಿ ಹೋಗಿ ನಡುಗೆರೆಯ ಮೇಲೆ ನಿಂತು, ಕೈ ಎತ್ತಿ, ಸೀಟಿ ಬಾಯಿಗಿಟ್ಟು ಊದಿದೆ. ಬರೀ ಗಾಳಿ ಹೋಯಿತು. ಮತ್ತೆ ಊದಿದೆ. ತುಟಿ ಅದುರುತ್ತಿತ್ತು, ಸೀಟಿಯನ್ನು ಹಿಡಿದುಕೊಳ್ಳಲು ಆಗಲಿಲ್ಲ. ಗಂಟಲಿನಿಂದ ಬೇರೇನೋ ಸದ್ದು ಬಂತು. ಮೂರು ತಿಂಗಳಿಂದ ಬಾರದೇ ಇದ್ದದ್ದು ಅದು.

ಗೆರೆ ನೋಡಲು ನಿಂತಿದ್ದ ವಡಗೇರಾದ ಶಿಕ್ಷಕರು ಹತ್ತಿರ ಬಂದರು. “ಏನ್ರಿ ಮೇಡಂ, ಸೀಟಿ ಕೆಟ್ಟದೇನ್ರಿ?”

“ಇಲ್ರಿ” ಎಂದು ಅದನ್ನು ಕೊರಳಿನಿಂದ ತೆಗೆದು ಅವರ ಕೈಗೆ ಕೊಟ್ಟೆ. “ಇದೊಂದು ಆಟ ನೀವ ಊದ್ರಿ.”